ಎಲ್ಲರೂ ಒಪ್ಪಿದ ಮೌಲ್ಯಗಳಿದ್ದರೂ ಟೀಮ್ ಯಾಕೆ ಒಡೆಯುತ್ತದೆ?

ಪ್ರಶ್ನೆ: ನಾನು ಹನ್ನೊಂದು ಜನರ ಸಾಫ್ಟ್‌ವೇರ್ ಟೀಮ್ ಒಂದನ್ನು ನೋಡಿಕೊಳ್ಳುತ್ತೇನೆ. ಎರಡು ವರ್ಷದ ಹಿಂದೆ ಎಲ್ಲರೂ ಕೂತು ಚರ್ಚೆ ಮಾಡಿ ಐದು ಮೌಲ್ಯ ಆರಿಸಿಕೊಂಡೆವು: ಪ್ರಾಮಾಣಿಕತೆ, ಗುಣಮಟ್ಟ, ಕೊಟ್ಟ ಮಾತು ಉಳಿಸಿಕೊಳ್ಳುವುದು, ಪರಸ್ಪರ ಗೌರವ, ಕಲಿಕೆ. ಗೋಡೆ ಮೇಲೂ ಬರೆಸಿದ್ದೇವೆ. ಹೋದ ತಿಂಗಳು ಒಂದು ರಿಲೀಸ್‌ನ ಹಿಂದಿನ ಸಂಜೆ ಟೆಸ್ಟಿಂಗ್ ಮಾಡುವವರು ಒಂದು ಬಗ್ ಹಿಡಿದರು. ಕೆಲವು ಗ್ರಾಹಕರ ಹಳೆಯ ದಾಖಲೆಗಳು ಅಪರೂಪಕ್ಕೆ ತಪ್ಪಾಗಿ ಸೇವ್ ಆಗುತ್ತಿದ್ದವು. ನಿಲ್ಲಿಸಿ ಅಂದರು. ನಮ್ಮ ಸೀನಿಯರ್ ಡೆವಲಪರ್, ಗ್ರಾಹಕರಿಗೆ ದಿನಾಂಕ ಕೊಟ್ಟಾಗಿದೆ, ಈಗ ಬಿಡೋಣ, ಮುಂದಿನ ವಾರ ಸರಿಮಾಡೋಣ ಅಂದರು. ಕೊನೆಗೆ ರಿಲೀಸ್ ಮಾಡಿದೆವು. ಅನಾಹುತ ಏನೂ ಆಗಲಿಲ್ಲ. ಮರುವಾರದ ಮೀಟಿಂಗ್‌ನಲ್ಲಿ, ಸಮಯಕ್ಕೆ ಸರಿಯಾಗಿ ಮುಗಿಸಿದ್ದಕ್ಕೆ ಡೆವಲಪರ್‌ಗೆ ಎಲ್ಲರೆದುರು ಥ್ಯಾಂಕ್ಸ್ ಹೇಳಿದೆ. ಆವತ್ತಿಂದ ಅವರಿಬ್ಬರಿಗೂ ಮಾತಿಲ್ಲ. ಟೀಮ್ ಎರಡು ಹೋಳಾಗಿದೆ. ಒಂದೇ ಮೌಲ್ಯ ನಂಬುವವರು ಹೀಗೆ ಯಾಕೆ ಒಡೆಯುತ್ತಾರೆ? ಇನ್ನು ಮುಂದೆ ನಮ್ಮ ಥರದವರನ್ನೇ ಹುಡುಕಿ ಸೇರಿಸಿಕೊಂಡರೆ ಈ ತಾಪತ್ರಯ ತಪ್ಪುತ್ತದಾ?

ಉತ್ತರ: ನಿಮ್ಮ ಎರಡನೇ ಪ್ರಶ್ನೆಗೆ ಮೊದಲೇ ಹೇಳಿಬಿಡುತ್ತೇನೆ. ತಪ್ಪುವುದಿಲ್ಲ, ಇನ್ನೂ ಜಾಸ್ತಿಯೇ ಆಗಬಹುದು. ಯಾಕೆ ಅನ್ನೋದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಆ ಸಂಜೆಯನ್ನು ಹತ್ತಿರದಿಂದ ನೋಡೋಣ. ಟೆಸ್ಟಿಂಗ್ ಮಾಡುವವರು ಹಿಡಿದುಕೊಂಡಿದ್ದು ಗೋಡೆ ಮೇಲಿನ ಎರಡನೇ ಮೌಲ್ಯವನ್ನು: ಗುಣಮಟ್ಟ. ಡೆವಲಪರ್ ಹಿಡಿದುಕೊಂಡಿದ್ದು ಮೂರನೆಯದನ್ನು: ಕೊಟ್ಟ ಮಾತು. ಇಬ್ಬರೂ ನಿಮ್ಮ ಪಟ್ಟಿಯ ಪ್ರಕಾರವೇ ನಡೆದರು. ಎತ್ತು ಏರಿಗೆ ಎಳೆಯಿತು, ಕೋಣ ನೀರಿಗೆ ಎಳೆಯಿತು. ಆದರೆ ಎರಡನ್ನೂ ಒಂದೇ ನೊಗಕ್ಕೆ ಕಟ್ಟಿ, ಯಾವ ಕಡೆ ಹೋಗಬೇಕು ಅಂತ ಹೇಳದೆ ಬಿಟ್ಟಿದ್ದು ಆ ಪಟ್ಟಿ. ಐದು ಮೌಲ್ಯ ಅದರಲ್ಲಿದೆ, ಸರಿ. ಎರಡು ಡಿಕ್ಕಿ ಹೊಡೆದರೆ ಯಾವುದು ದಾರಿ ಬಿಡಬೇಕು ಅನ್ನೋದು ಮಾತ್ರ ಇಲ್ಲ.

ಮೌಲ್ಯಗಳ ಸ್ವಭಾವವೇ ಹೀಗೆ. ಶಾಲೋಮ್ ಶ್ವಾರ್ಟ್ಸ್ ಅನ್ನುವ ಮನಶ್ಶಾಸ್ತ್ರಜ್ಞರು 1992ರಲ್ಲಿ ಹಲವು ದೇಶಗಳ ಜನರನ್ನು ಅಧ್ಯಯನ ಮಾಡಿ ಹತ್ತು ಮೂಲ ಮೌಲ್ಯಗಳನ್ನು ಗುರುತಿಸಿದರು. ಅವನ್ನು ಒಂದರ ಕೆಳಗೆ ಒಂದರಂತೆ ಪಟ್ಟಿ ಮಾಡಲಿಲ್ಲ, ಒಂದು ವೃತ್ತದ ಸುತ್ತ ಇಟ್ಟರು. ಅಕ್ಕಪಕ್ಕದವು ಒಂದಕ್ಕೊಂದು ಹೊಂದುತ್ತವೆ, ಎದುರುಬದುರು ಇರುವವು ಜಗ್ಗಾಡುತ್ತವೆ. ಸ್ವಂತ ಬುದ್ಧಿಯಿಂದ ನಡೆಯಬೇಕು ಅನ್ನುವುದು ಒಂದು ಕಡೆಯಾದರೆ, ನಿಯಮಕ್ಕೆ ಬದ್ಧರಾಗಿರಬೇಕು ಅನ್ನುವುದು ಎದುರು ಕಡೆ. ಎರಡೂ ಒಳ್ಳೆಯದೇ. ಎರಡೂ ಒಟ್ಟಿಗೆ ಪೂರ್ತಿಯಾಗಿ ಸಿಗುವುದಿಲ್ಲ ಅಷ್ಟೇ. ಹಾಗಾಗಿ ‘ನಮಗೆಲ್ಲ ಇವು ಮುಖ್ಯ’ ಅಂತ ಎಲ್ಲರೂ ತಲೆ ಆಡಿಸಿದ್ದರಲ್ಲಿ ಅಂಥ ದೊಡ್ಡ ಒಪ್ಪಂದ ಏನೂ ಇರಲಿಲ್ಲ. ಪ್ರಾಮಾಣಿಕತೆ ಬೇಡ ಅನ್ನುವವರು ಯಾರಿದ್ದಾರೆ?

ನನ್ನ ಅನುಭವದಲ್ಲಿ ಟೀಮನ್ನು ಹಿಡಿದಿಡುವುದು ಏನನ್ನು ಮೊದಲು ಬಿಡುತ್ತೇವೆ, ಏನನ್ನು ಕೊನೆವರೆಗೂ ಬಿಡುವುದಿಲ್ಲ ಅನ್ನೋದರ ಬಗ್ಗೆ ಇರುವ ಒಪ್ಪಂದ. ಅದಿಲ್ಲದಿದ್ದರೆ ಪ್ರತಿ ಜಗಳವೂ ಕೆಲಸದ ಮಾತಿನಿಂದ ಶುರುವಾಗಿ ವ್ಯಕ್ತಿಯ ಮೇಲೆ ಹೋಗಿ ಮುಗಿಯುತ್ತದೆ. ನಿಮ್ಮಲ್ಲಿ ಆಗಿದ್ದೂ ಅದೇ ಇರಬೇಕು. ಡೆವಲಪರ್ ಹೇಳಿದ ‘ಬಿಡೋಣ’ ಅನ್ನೋ ಮಾತು ಟೆಸ್ಟರ್ ಕಿವಿಗೆ ‘ಗುಣಮಟ್ಟ ಅನ್ನೋದೆಲ್ಲ ಬಾಯಿಮಾತು’ ಅಂತ ಕೇಳಿಸಿರುತ್ತದೆ. ಟೆಸ್ಟರ್ ಹೇಳಿದ ‘ನಿಲ್ಲಿಸಿ’ ಡೆವಲಪರ್ ಕಿವಿಗೆ ‘ನಿನ್ನ ಮಾತಿಗೆ ಬೆಲೆ ಇಲ್ಲ’ ಅಂತ ಕೇಳಿಸಿರುತ್ತದೆ. ಬಗ್ ಮುಂದಿನ ವಾರ ಸರಿಹೋಯಿತು. ಒಬ್ಬರ ಬಗ್ಗೆ ಇನ್ನೊಬ್ಬರಿಗೆ ಮೂಡಿದ ಅಭಿಪ್ರಾಯ ಹಾಗೇ ಉಳಿಯಿತು.

ಇದಕ್ಕೆ ಸಂಶೋಧನೆಯ ಆಧಾರವೂ ಇದೆ. 1999ರಲ್ಲಿ ಕ್ಯಾರೆನ್ ಜೆನ್ ಮತ್ತು ಇಬ್ಬರು ಸಹೋದ್ಯೋಗಿಗಳು ಮನೆ ಸಾಮಾನು ಸಾಗಿಸುವ ಒಂದು ಕಂಪನಿಯ 92 ತಂಡಗಳನ್ನು ಅಭ್ಯಾಸ ಮಾಡಿದರು. ಜನರ ನಡುವಿನ ವ್ಯತ್ಯಾಸವನ್ನು ಅವರು ಮೂರು ಬಗೆ ಮಾಡಿ ನೋಡಿದರು: ವಯಸ್ಸು, ಲಿಂಗದಂಥ ವ್ಯತ್ಯಾಸ, ಓದು, ಅನುಭವದ ವ್ಯತ್ಯಾಸ, ಮೌಲ್ಯದ ವ್ಯತ್ಯಾಸ. ಓದು, ಅನುಭವ ಬೇರೆಬೇರೆ ಇದ್ದ ತಂಡಗಳಿಗೆ ಅದರಿಂದ ಕೆಲಸದಲ್ಲಿ ಲಾಭವೇ ಆಗುವ ಸಾಧ್ಯತೆ ಕಂಡಿತು. ಆದರೆ ಯಾವುದು ಮುಖ್ಯ ಅನ್ನೋದರಲ್ಲೇ ಭೇದ ಇದ್ದ ತಂಡಗಳಲ್ಲಿ ಜಗಳ ಹೆಚ್ಚಿತು, ತೃಪ್ತಿ ಇಳಿಯಿತು, ಉಳಿದುಕೊಳ್ಳುವ ಮನಸ್ಸು ಕಮ್ಮಿಯಾಯಿತು. ನೆನಪಿಡಿ, ಅವರು ಮಾಡುತ್ತಿದ್ದದ್ದು ಸಾಮಾನು ಎತ್ತಿ ಇಳಿಸುವ ಉದ್ಯಮದ ಕೆಲಸ. ಮೌಲ್ಯದ ಮಾತೆಲ್ಲ ಬರೀ ದೊಡ್ಡ ಹುದ್ದೆಯವರ ಚಿಂತೆ ಅಂದುಕೊಳ್ಳುವವರಿಗೆ ಈ ಅಧ್ಯಯನ ಒಳ್ಳೆಯ ಉತ್ತರ.

ಗೋಡೆ ಬರಹದ ಕಥೆಗೆ ಬರೋಣ. 2020ರಲ್ಲಿ ಡೊನಾಲ್ಡ್ ಸಲ್ ಮತ್ತು ಅವರ ತಂಡ ಸುಮಾರು 700 ದೊಡ್ಡ ಕಂಪನಿಗಳನ್ನು ನೋಡಿದರು. ಶೇ 80ಕ್ಕೂ ಹೆಚ್ಚು ಕಂಪನಿಗಳು ತಮ್ಮ ಮೌಲ್ಯಗಳನ್ನು ಬರೆದು ಪ್ರಕಟಿಸಿದ್ದವು. ಆಮೇಲೆ, ಅಲ್ಲಿನ ಉದ್ಯೋಗಿಗಳು ತಮ್ಮ ಕಂಪನಿ ಬಗ್ಗೆ ಬರೆದದ್ದನ್ನು ಅದರ ಪಕ್ಕ ಇಟ್ಟು ಹೋಲಿಸಿದರು. ಕಂಪನಿ ಹೇಳಿಕೊಂಡದ್ದಕ್ಕೂ ಉದ್ಯೋಗಿಗಳು ಕಂಡದ್ದಕ್ಕೂ ಸಂಬಂಧವೇ ಸಿಗಲಿಲ್ಲ. ಅಮೆರಿಕದ ಇಂಧನ ಕಂಪನಿ ಎನ್ರಾನ್ ಅಂತೂ ಗೌರವ, ಪ್ರಾಮಾಣಿಕತೆ, ಸಂವಹನ, ಉತ್ಕೃಷ್ಟತೆ ಅಂತ ನಾಲ್ಕು ಮೌಲ್ಯ ಬರೆದುಕೊಂಡಿತ್ತು. ಲೆಕ್ಕದ ಮೋಸ ಬಯಲಾಗಿ 2001ರ ಡಿಸೆಂಬರ್‌ನಲ್ಲಿ ದಿವಾಳಿ ಅರ್ಜಿ ಹಾಕಿತು.

ಹಾಗಾದರೆ ಬರೆಯುವುದೇ ದಂಡವಾ? ಅಲ್ಲ. ಬರೆಯುವುದರಲ್ಲೂ ವ್ಯತ್ಯಾಸ ಇದೆ. ಜಾನ್ಸನ್ ಅಂಡ್ ಜಾನ್ಸನ್ ಕಂಪನಿಗೆ ರಾಬರ್ಟ್ ವುಡ್ ಜಾನ್ಸನ್ 1943ರಲ್ಲಿ ಬರೆದುಕೊಟ್ಟ ಒಂದು ಚಿಕ್ಕ ಪತ್ರ ಇದೆ, ಅದನ್ನು ‘ಕ್ರೀಡೋ’ ಅನ್ನುತ್ತಾರೆ. ಅದರಲ್ಲಿ ಗುಣವಾಚಕಗಳ ಸಾಲು ಇಲ್ಲ, ಸರದಿ ಇದೆ. ಮೊದಲ ಜವಾಬ್ದಾರಿ ವೈದ್ಯರು, ನರ್ಸ್‌ಗಳು, ತಾಯಂದಿರು, ನಮ್ಮ ವಸ್ತುವನ್ನು ಬಳಸುವ ಎಲ್ಲರಿಗೆ. ಆಮೇಲೆ ಉದ್ಯೋಗಿಗಳಿಗೆ. ಆಮೇಲೆ ಸಮಾಜಕ್ಕೆ. ಷೇರುದಾರರು ಕೊನೆಗೆ. ಲಾಭ ಬೇಡ ಅಂತ ಅದು ಎಲ್ಲೂ ಹೇಳುವುದಿಲ್ಲ, ಲಾಭದ ಸರದಿ ಯಾವಾಗ ಅಂತ ಹೇಳುತ್ತದೆ. 1970ರ ದಶಕದಲ್ಲಿ ಜೇಮ್ಸ್ ಬರ್ಕ್ ಅನ್ನುವ ಮುಖ್ಯಸ್ಥರು ಹಿರಿಯ ಮ್ಯಾನೇಜರ್‌ಗಳನ್ನು ಕೂರಿಸಿ, ಇದರಂತೆ ನಡೆಯುವುದಾದರೆ ಇಟ್ಟುಕೊಳ್ಳೋಣ, ಇಲ್ಲದಿದ್ದರೆ ಗೋಡೆಯಿಂದ ಕಿತ್ತುಹಾಕೋಣ ಅಂತ ಚರ್ಚೆಗೆ ಬಿಟ್ಟರು.

1982ರಲ್ಲಿ ಪರೀಕ್ಷೆಯ ಕಾಲ ಬಂತು. ಶಿಕಾಗೋ ಸುತ್ತಮುತ್ತ ಈ ಕಂಪನಿಯ ಟೈಲೆನಾಲ್ ಅನ್ನುವ ನೋವಿನ ಮಾತ್ರೆ ನುಂಗಿದ ಏಳು ಜನ ಸತ್ತರು. ಯಾರೋ ಅಂಗಡಿಗಳಲ್ಲಿದ್ದ ಬಾಟಲಿಗಳಿಗೆ ಸಯನೈಡ್ ಬೆರೆಸಿದ್ದರು. ಕಾರ್ಖಾನೆಯ ತಪ್ಪು ಏನೂ ಇರಲಿಲ್ಲ. ಆದರೂ ಕಂಪನಿ ದೇಶದ ಎಲ್ಲ ಕಡೆಯಿಂದ ಸುಮಾರು 3.1 ಕೋಟಿ ಬಾಟಲಿಗಳನ್ನು ವಾಪಸ್ ತರಿಸಿತು. 10 ಕೋಟಿ ಡಾಲರ್‌ಗೂ ಮೇಲೆ ನಷ್ಟ. ಅಂಥ ಗಲಾಟೆಯಲ್ಲಿ ಯಾರು ಮೊದಲು ಅನ್ನುವ ವಾದವನ್ನು ಹೊಸದಾಗಿ ಶುರುಮಾಡಬೇಕಾಗಿರಲಿಲ್ಲ, ಅದು ಮುಂಚೆಯೇ ಮುಗಿದಿತ್ತು. ಹಾಗಂತ ಈ ಕಂಪನಿಯನ್ನು ನಾನು ತಲೆ ಮೇಲೆ ಹೊತ್ತುಕೊಳ್ಳುತ್ತಿಲ್ಲ. 2010ರಲ್ಲಿ ಇದೇ ಕಂಪನಿಯ ಮಕ್ಕಳ ಔಷಧಿಗಳನ್ನು ತಯಾರಿಕೆಯ ದೋಷದಿಂದಾಗಿ ವಾಪಸ್ ತರಿಸಬೇಕಾಯಿತು. ಆಗಲೂ ಅದೇ ಪತ್ರ ಗೋಡೆ ಮೇಲೆ ಇತ್ತು. ಒಂದು ಸಲ ಬರೆದಿಟ್ಟರೆ ಸಾಲದು ಅನ್ನೋದಕ್ಕೂ ಅದೇ ಕಂಪನಿ ಉದಾಹರಣೆ.

ಈಗ ನಿಮ್ಮ ಪತ್ರದ ಒಂದು ಸಾಲಿಗೆ ಬರುತ್ತೇನೆ. ನೀವು ಅದನ್ನು ಸುಮ್ನೆ ಬರೆದುಕೊಂಡು ಹೋಗಿದ್ದೀರಿ, ನನಗೆ ಮಾತ್ರ ಅಲ್ಲೇ ಕಣ್ಣು ನಿಂತಿತು. ಮರುವಾರ ಡೆವಲಪರ್‌ಗೆ ಎಲ್ಲರೆದುರು ಥ್ಯಾಂಕ್ಸ್ ಹೇಳಿದ್ದು. ಆ ಸಂಜೆ ಟೀಮ್ ಬಿರುಕು ಬಿಟ್ಟಿರಬಹುದು. ಒಡೆದಿದ್ದು ಮಾತ್ರ ಆ ಮೀಟಿಂಗ್‌ನಲ್ಲಿ. ಬಗ್ ಹಿಡಿದವರಿಗೆ ಒಂದು ಮಾತೂ ಬರಲಿಲ್ಲ ಅಲ್ವಾ? ಕೂತಿದ್ದ ಹನ್ನೊಂದು ಜನರಿಗೂ ಗೋಡೆ ಮೇಲಿನ ಐದರಲ್ಲಿ ಯಾವುದು ನಿಜ ಅಂತ ಅರ್ಧ ನಿಮಿಷದಲ್ಲಿ ಗೊತ್ತಾಯಿತು. ಸಂಸ್ಥೆಗಳ ಸಂಸ್ಕೃತಿಯನ್ನು ದಶಕಗಳ ಕಾಲ ಅಧ್ಯಯನ ಮಾಡಿದ ಎಡ್ಗರ್ ಶೈನ್ ಇದನ್ನೇ ಮತ್ತೆ ಮತ್ತೆ ಹೇಳುತ್ತಿದ್ದರು. ನಾಯಕ ಯಾವುದನ್ನು ಗಮನಿಸುತ್ತಾನೆ, ಯಾವುದನ್ನು ಅಳೆಯುತ್ತಾನೆ, ಬಿಕ್ಕಟ್ಟಿನಲ್ಲಿ ಹೇಗೆ ನಡೆದುಕೊಳ್ಳುತ್ತಾನೆ, ಯಾರಿಗೆ ಬಹುಮಾನ ಕೊಡುತ್ತಾನೆ, ಜನ ಮೌಲ್ಯವನ್ನು ಕಲಿಯುವುದು ಅದರಿಂದ. ಅಮೆರಿಕದ ವೆಲ್ಸ್ ಫಾರ್ಗೋ ಬ್ಯಾಂಕ್‌ನಲ್ಲಿ 2016ರಲ್ಲಿ ಬಯಲಾದ ಹಗರಣವೂ ಇದೇ ಜಾತಿಯದು. ಗ್ರಾಹಕರ ಹಿತವೇ ಮೊದಲು ಅಂತ ಬ್ಯಾಂಕ್ ಬರೆದುಕೊಂಡಿತ್ತು. ಸಿಬ್ಬಂದಿಯನ್ನು ಅಳೆಯುತ್ತಿದ್ದದ್ದು ಎಷ್ಟು ಖಾತೆ ತೆರೆಸಿದರು ಅನ್ನೋ ಲೆಕ್ಕದಿಂದ. ಗ್ರಾಹಕರ ಒಪ್ಪಿಗೆ ಇಲ್ಲದೆ ಲಕ್ಷಗಟ್ಟಲೆ ಖಾತೆ ತೆರೆದುಕೊಂಡವು.

ಮೌಲ್ಯ ಕೆಲಸ ಮಾಡಬೇಕಾದರೆ ಅದಕ್ಕೆ ಒಂದು ಹಿಡಿಕೆ ಬೇಕು, ಕೈಯಿಂದ ಹಿಡಿದು ಎಳೆಯುವಂಥದ್ದು. ಇದನ್ನು ನಾನು ಮಾತಿನ ಅಲಂಕಾರಕ್ಕೆ ಹೇಳುತ್ತಿಲ್ಲ. ಟೊಯೋಟಾ ಕಾರ್ಖಾನೆಗಳಲ್ಲಿ ನಿಜವಾಗಿಯೂ ಅಂಥ ಹಗ್ಗ ಇತ್ತು. ಕಾರು ಜೋಡಿಸುವ ಸಾಲಿನ ಉದ್ದಕ್ಕೂ ಕೆಲಸಗಾರನ ಕೈಗೆ ಎಟುಕುವಂತೆ ತೂಗುಹಾಕಿರುತ್ತಿದ್ದರು. ಏನಾದರೂ ಸರಿಯಿಲ್ಲ ಅನ್ನಿಸಿದರೆ ಎಳೆಯಬೇಕು. ಬೋರ್ಡ್ ಮೇಲೆ ದೀಪ ಹತ್ತುತ್ತದೆ, ಸದ್ದಾಗುತ್ತದೆ, ಟೀಮ್ ಲೀಡರ್ ಓಡಿ ಬರುತ್ತಾನೆ. ಕಾರು ಆ ಜಾಗ ದಾಟುವುದರೊಳಗೆ ಸರಿಮಾಡಿದರೆ ಸಾಲು ನಡೆಯುತ್ತಲೇ ಇರುತ್ತದೆ. ಆಗದಿದ್ದರೆ ನಿಲ್ಲುತ್ತದೆ. ‘ಗುಣಮಟ್ಟ ಮೊದಲು, ವೇಗ ಆಮೇಲೆ’ ಅನ್ನುವ ಮಾತು ಅಲ್ಲಿ ಹಗ್ಗವಾಗಿತ್ತು, ಎಲ್ಲರಿಗಿಂತ ಕೆಳಗಿನ ಹುದ್ದೆಯವನ ಕೈಯಲ್ಲಿತ್ತು.

ಇದರ ಬಲ ಎಷ್ಟು ಅಂತ ನೋಡಬೇಕಾದರೆ ಕ್ಯಾಲಿಫೋರ್ನಿಯಾದ ಫ್ರೀಮಾಂಟ್ ಕಾರ್ಖಾನೆಯ ಕಥೆ ಕೇಳಬೇಕು. ಜನರಲ್ ಮೋಟರ್ಸ್‌ನ ಅತಿ ಕೆಟ್ಟ ಕಾರ್ಖಾನೆಗಳಲ್ಲಿ ಒಂದು ಅಂತ ಅದಕ್ಕೆ ಹೆಸರು. ಗೈರುಹಾಜರಿ ಶೇ 20 ದಾಟುತ್ತಿತ್ತು. ಏನೇ ಆದರೂ ಸಾಲು ನಿಲ್ಲಬಾರದು ಅನ್ನೋದು ಅಲ್ಲಿನ ಬರೆಯದ ನಿಯಮ. 1982ರಲ್ಲಿ ಬಾಗಿಲು ಮುಚ್ಚಿತು. 1984ರಲ್ಲಿ ಟೊಯೋಟಾ ಜೊತೆ ಸೇರಿ ‘ನುಮ್ಮಿ’ ಅನ್ನುವ ಹೆಸರಲ್ಲಿ ಮತ್ತೆ ತೆರೆದರು. ಕೆಲಸಕ್ಕೆ ಬಂದವರಲ್ಲಿ ಬಹುಪಾಲು ಹಳಬರೇ. ಅದೇ ಜನ, ಅದೇ ಯೂನಿಯನ್. ಹಲವರನ್ನು ಜಪಾನಿಗೆ ಕಳಿಸಿ ಕೆಲಸದ ರೀತಿ ತೋರಿಸಿದರು, ಕೈಗೆ ಹಗ್ಗ ಕೊಟ್ಟರು. ಸ್ವಲ್ಪ ಕಾಲದಲ್ಲೇ ಜನರಲ್ ಮೋಟರ್ಸ್‌ನ ಅತ್ಯುತ್ತಮ ಗುಣಮಟ್ಟದ ಕಾರುಗಳು ಅಲ್ಲಿಂದ ಬರತೊಡಗಿದವು. ಗೈರುಹಾಜರಿ ಶೇ 2ರ ಆಸುಪಾಸಿಗೆ ಇಳಿಯಿತು. ಅದೇ ಜನರಲ್ ಮೋಟರ್ಸ್ ಈ ರೀತಿಯನ್ನು ತನ್ನ ಬೇರೆ ಕಾರ್ಖಾನೆಗಳಿಗೆ ಹರಡಲು ಹೋಗಿ ವರ್ಷಗಟ್ಟಲೆ ಒದ್ದಾಡಿತು. ಹಗ್ಗ ಕಟ್ಟುವುದು ಸುಲಭ. ಎಳೆದಾಗ ಓಡಿಬಂದವನ ಮೊದಲ ಮಾತು ಏನು ಅನ್ನೋದೇ ಕಷ್ಟದ ಭಾಗ. ‘ಏನಾಯ್ತು, ಹೇಗೆ ಸಹಾಯ ಮಾಡಲಿ?’ ಅಂದರೆ ಹಗ್ಗ ಉಳಿಯುತ್ತದೆ. ‘ಯಾರು ಎಳೆದಿದ್ದು?’ ಅಂದರೆ ಎರಡನೇ ಸಲ ಯಾರೂ ಮುಟ್ಟುವುದಿಲ್ಲ.

ನಿಮ್ಮ ಟೆಸ್ಟರ್ ಆ ಸಂಜೆ ಎಳೆಯೋಕೆ ಹೋಗಿದ್ದು ಅಂಥದ್ದೇ ಹಗ್ಗವನ್ನು. ಅದರ ಇನ್ನೊಂದು ತುದಿಗೆ ಏನೂ ಕಟ್ಟಿರಲಿಲ್ಲ.

‘ನಮ್ಮ ಥರದವರು’ ಅನ್ನುವ ಪ್ರಶ್ನೆಗೂ ಫ್ರೀಮಾಂಟ್ ಅರ್ಧ ಉತ್ತರ ಕೊಟ್ಟಿದೆ: ಜನ ಬದಲಾಗಲಿಲ್ಲ, ಏನು ಮೊದಲು ಅನ್ನೋದು ಬದಲಾಯಿತು. ಇನ್ನರ್ಧ ಹೀಗಿದೆ. ಸಂದರ್ಶನದಲ್ಲಿ ‘ನಮ್ಮ ಥರದವರು’ ಅಂತ ಹುಡುಕಲು ಕೂತರೆ ನಾವು ಮೌಲ್ಯವನ್ನು ನೋಡುವುದೇ ಇಲ್ಲ. ಲಾರೆನ್ ರಿವೇರಾ 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅಮೆರಿಕದ ದೊಡ್ಡ ಬ್ಯಾಂಕ್, ಕಾನೂನು, ಸಲಹಾ ಸಂಸ್ಥೆಗಳಲ್ಲಿ ಜನರನ್ನು ಆರಿಸುವವರನ್ನು ಮಾತಾಡಿಸಿದ್ದರು. ತಮ್ಮಂಥದ್ದೇ ಹವ್ಯಾಸ, ತಮ್ಮಂಥದ್ದೇ ಹಿನ್ನೆಲೆ, ತಮ್ಮಂಥದ್ದೇ ಮಾತಿನ ಧಾಟಿ ಇದ್ದವರ ಕಡೆಗೆ ಅವರು ವಾಲುತ್ತಿದ್ದರು. ಜೊತೆಯಲ್ಲಿ ಹರಟೆ ಹೊಡೆಯಲು ಇಷ್ಟವಾಗುವವನು ರಿಲೀಸ್‌ನ ಹಿಂದಿನ ಸಂಜೆ ಏನು ಮಾಡುತ್ತಾನೆ ಅಂತ ಹರಟೆಯಿಂದ ಗೊತ್ತಾಗುವುದಿಲ್ಲ. ಡೇವಿಡ್ ಹ್ಯಾರಿಸನ್ ಮತ್ತಿತರರು 1998ರಲ್ಲಿ ತೋರಿಸಿದ್ದು ಇದಕ್ಕೆ ಹೊಂದುತ್ತದೆ. ಹೊರನೋಟದ ವ್ಯತ್ಯಾಸಗಳು ಒಟ್ಟಿಗೆ ಕೆಲಸ ಮಾಡುತ್ತಾ ಹೋದ ಹಾಗೆ ಗೌಣವಾಗುತ್ತವೆ, ಒಳಗಿನ ಧೋರಣೆಯ ವ್ಯತ್ಯಾಸಗಳು ಕಾಲ ಕಳೆದ ಹಾಗೆ ದೊಡ್ಡದಾಗುತ್ತವೆ. ಸಂದರ್ಶನದಲ್ಲಿ ಒಂದೇ ಒಂದು ಪ್ರಶ್ನೆ ಕೇಳುವ ಅವಕಾಶ ಇದ್ದರೆ ನಾನು ಕೇಳುವುದು ಇದನ್ನು: ‘ಎರಡು ಒಳ್ಳೆಯದರಲ್ಲಿ ಒಂದನ್ನು ಬಿಡಬೇಕಾಗಿ ಬಂದ ಸಂದರ್ಭ ಹೇಳಿ. ಯಾವುದನ್ನು ಬಿಟ್ಟಿರಿ, ಯಾರಿಗೆ ನಷ್ಟವಾಯಿತು?’ ಒಳ್ಳೆಯದು ಕೆಟ್ಟದ್ದರ ನಡುವಿನ ಆಯ್ಕೆಯ ಕಥೆಗಳನ್ನು ಎಲ್ಲರೂ ತಯಾರಿ ಮಾಡಿಕೊಂಡೇ ಬರುತ್ತಾರೆ.

ಒಂದು ಎಚ್ಚರಿಕೆಯನ್ನೂ ಹೇಳಬೇಕು. ಗಟ್ಟಿಯಾಗಿ ಒಂದಾಗಿರುವ ಟೀಮ್ ಯಾವಾಗಲೂ ಒಳ್ಳೆಯ ಟೀಮ್ ಆಗಿರಬೇಕಿಲ್ಲ. 1986ರ ಜನವರಿ 27ರ ರಾತ್ರಿ, ಅಮೆರಿಕದ ಚಾಲೆಂಜರ್ ಬಾಹ್ಯಾಕಾಶ ನೌಕೆ ಹಾರುವ ಹಿಂದಿನ ರಾತ್ರಿ, ಅದರ ರಾಕೆಟ್ ತಯಾರಿಸಿದ ಕಂಪನಿಯ ಇಂಜಿನಿಯರ್‌ಗಳು ಇಷ್ಟು ಚಳಿಯಲ್ಲಿ ಹಾರಿಸಬೇಡಿ, ರಾಕೆಟ್‌ನ ಜೋಡಣೆಗಳನ್ನು ಮುಚ್ಚುವ ರಬ್ಬರ್ ಉಂಗುರಗಳು ಕೈಕೊಡಬಹುದು ಅಂದರು. ಅವರ ಮೇಲಿನವರೇ, ಇಂಜಿನಿಯರ್ ಟೋಪಿ ತೆಗೆದಿಟ್ಟು ಮ್ಯಾನೇಜ್‌ಮೆಂಟ್ ಟೋಪಿ ಹಾಕಿಕೊಳ್ಳಿ ಅಂತ ಒಬ್ಬ ಹಿರಿಯ ಇಂಜಿನಿಯರ್‌ಗೆ ಹೇಳಿದರು. ಮರುದಿನ ಹಾರಿದ 73 ಸೆಕೆಂಡಿಗೆ ನೌಕೆ ಛಿದ್ರವಾಯಿತು, ಏಳು ಜನ ಹೋದರು. ಹಿಡಿದ ಕೆಲಸ ಮುಗಿಸಿಯೇ ತೀರುತ್ತೇವೆ ಅನ್ನುವ ಛಲ ಅಲ್ಲಿ ಎಲ್ಲರಿಗೂ ಇತ್ತು. ಅದು ಮೌಲ್ಯವೇ. ಬೇಡ ಅನ್ನುವವನ ಮಾತಿಗೆ ಮಾತ್ರ ಜಾಗ ಇರಲಿಲ್ಲ. ಏಮಿ ಎಡ್ಮಂಡ್‌ಸನ್ ಆಸ್ಪತ್ರೆಗಳ ತಂಡಗಳನ್ನು ಅಭ್ಯಾಸ ಮಾಡಿದಾಗ ಒಳ್ಳೆಯ ತಂಡಗಳ ದಾಖಲೆಯಲ್ಲೇ ತಪ್ಪುಗಳು ಜಾಸ್ತಿ ಕಂಡವು. ಆಮೇಲೆ ತಿಳಿಯಿತು, ಅವರು ತಪ್ಪು ಜಾಸ್ತಿ ಮಾಡುತ್ತಿರಲಿಲ್ಲ, ಮುಚ್ಚಿಡುತ್ತಿರಲಿಲ್ಲ. ನಿಮ್ಮಲ್ಲಿ ಜಗಳ ಹೊರಗೆ ಬಂದಿದೆ ಅನ್ನೋದು ನನಗೆ ಒಳ್ಳೆಯ ಲಕ್ಷಣವಾಗಿಯೇ ಕಾಣುತ್ತದೆ. ಎಲ್ಲರೂ ಬಾಯಿ ಮುಚ್ಚಿಕೊಂಡಿದ್ದರೆ ನೀವು ಈ ಪತ್ರ ಬರೆಯುತ್ತಿರಲಿಲ್ಲ, ಬಗ್ ಇರುವುದೂ ನಿಮಗೆ ಗೊತ್ತಾಗುತ್ತಿರಲಿಲ್ಲ.

ಈಗ ಮಾಡಬೇಕಾದ್ದು. ಮೊದಲು ಟೆಸ್ಟರ್ ಜೊತೆ ಒಬ್ಬರೇ ಮಾತಾಡಿ. ನೀವು ಹಿಡಿದದ್ದು ಸರಿಯಾದದ್ದನ್ನೇ, ಆ ದಿನ ನಾನದನ್ನು ಹೇಳಲಿಲ್ಲ ಅನ್ನಿ. ಆಮೇಲೆ ಅದನ್ನೇ ಎಲ್ಲರೆದುರು ಹೇಳಿ. ಥ್ಯಾಂಕ್ಸ್ ಎಲ್ಲರೆದುರು ಹೋಗಿದೆ, ಇದೂ ಎಲ್ಲರೆದುರೇ ಬರಬೇಕು. ಡೆವಲಪರ್‌ಗೂ ಮುಂಚೆಯೇ ತಿಳಿಸಿ, ಅವರನ್ನು ಇಳಿಸಲು ಮಾಡುತ್ತಿದ್ದೀರಿ ಅಂತ ಅನ್ನಿಸಬಾರದು.

ಆಮೇಲೆ ಹನ್ನೊಂದು ಜನ ಒಂದು ಮಧ್ಯಾಹ್ನ ಕೂರಿ. ಆವತ್ತು ಯಾರು ಸರಿ ಅನ್ನೋ ಪಂಚಾಯಿತಿಗೆ ಅವಕಾಶ ಕೊಡಬೇಡಿ. ಗೋಡೆಯ ಐದನ್ನು ಬದಿಗಿಟ್ಟು, ‘ಆದರೂ’, ‘ತಪ್ಪಿದರೂ’ ಅಂತ ಬರುವ ವಾಕ್ಯಗಳನ್ನು ಬರೆಯಿರಿ. ಉದಾಹರಣೆಗೆ: ಕೊಟ್ಟ ದಿನಾಂಕ ತಪ್ಪಿದರೂ, ಗ್ರಾಹಕರ ದಾಖಲೆ ಕೆಡಿಸಬಹುದಾದ ಬಗ್ ಇಟ್ಟುಕೊಂಡು ರಿಲೀಸ್ ಮಾಡುವುದಿಲ್ಲ. ಅದರ ಜೊತೆಗೇ: ನೋಡಲು ಸ್ವಲ್ಪ ಅಂದಗೆಟ್ಟರೂ, ದಾಖಲೆಗೆ ತೊಂದರೆ ಇಲ್ಲದ ದೋಷಕ್ಕಾಗಿ ದಿನಾಂಕ ತಪ್ಪಿಸುವುದಿಲ್ಲ. ಎರಡನೆಯದು ಡೆವಲಪರ್‌ಗೆ ಸಿಗುವ ಭರವಸೆ, ಅದನ್ನು ಬಿಡಬೇಡಿ. ವಾಕ್ಯ ಗಟ್ಟಿಯಾ ಜೊಳ್ಳಾ ಅಂತ ನೋಡುವುದು ಸುಲಭ. ಅದಕ್ಕೆ ಪೂರ್ತಿ ವಿರುದ್ಧವಾದದ್ದನ್ನು ಇನ್ನೊಂದು ಬುದ್ಧಿವಂತ ಟೀಮ್ ಆರಿಸಿಕೊಳ್ಳಬಹುದಾ? ಆರಿಸಿಕೊಳ್ಳಬಹುದು ಅಂದರೆ ನೀವು ಏನೋ ನಿರ್ಧಾರ ಮಾಡಿದ್ದೀರಿ. ಮೂರು ನಾಲ್ಕು ವಾಕ್ಯ ಸಾಕು.

ಪ್ರತಿ ವಾಕ್ಯಕ್ಕೂ ಹಿಡಿಕೆ ಇರಲಿ. ನಿಲ್ಲಿಸುವ ಹಕ್ಕು ಯಾರಿಗೆ? ನನ್ನನ್ನು ಕೇಳಿದರೆ ಟೆಸ್ಟಿಂಗ್ ಮಾಡುವ ಯಾರಿಗಾದರೂ, ನಿಮ್ಮ ಒಪ್ಪಿಗೆ ಇಲ್ಲದೆಯೂ. ಬಾಕಿ ಬಿಲ್ ಯಾರದ್ದು ಅನ್ನೋದೂ ಮುಖ್ಯ. ದಿನಾಂಕ ತಪ್ಪಿದಾಗ ಗ್ರಾಹಕರಿಗೆ ಫೋನ್ ಮಾಡಿ ಬೈಸಿಕೊಳ್ಳುವುದು ನೀವು, ಟೆಸ್ಟರ್ ಅಲ್ಲ, ಡೆವಲಪರ್ ಕೂಡ ಅಲ್ಲ.

ಇಷ್ಟೆಲ್ಲ ಆದಮೇಲೂ ಇಬ್ಬರಲ್ಲಿ ಒಬ್ಬರಿಗೆ ಈ ಸರದಿ ಒಪ್ಪಿಗೆಯಾಗದೇ ಹೋಗಬಹುದು. ವೇಗವೇ ಮೊದಲು ಅನ್ನುವ ಜಾಗಗಳೂ ಇವೆ, ಅಲ್ಲಿ ಅವರು ಚೆನ್ನಾಗಿ ಕೆಲಸ ಮಾಡಿಯಾರು. ಮುನಿಸಿಲ್ಲದೆ ಕಳಿಸಿಕೊಡಿ, ಶಿಫಾರಸು ಪತ್ರವನ್ನೂ ಚೆನ್ನಾಗಿ ಬರೆದುಕೊಡಿ. ಉಳಿದವರು ಅದನ್ನೂ ನೋಡುತ್ತಿರುತ್ತಾರೆ.

ಮುಂದಿನ ರಿಲೀಸ್ ಯಾವಾಗ ಅಂತ ನೀವು ಬರೆದಿಲ್ಲ. ಈ ಮಾತುಕತೆಯನ್ನು ಅದಕ್ಕೆ ಎರಡು ವಾರ ಮುಂಚೆಯಾದರೂ ಮುಗಿಸಿಕೊಳ್ಳಿ. ಹಿಂದಿನ ಸಂಜೆಗೆ ಇಟ್ಟುಕೊಂಡರೆ ಮತ್ತೆ ಬಗ್ ಮತ್ತು ದಿನಾಂಕದ ಜಗಳವೇ ಆಗುತ್ತದೆ.